ಬೀಗ ಕಂಪನಿಯದು, ಬರೆ ಗುಮಾಸ್ತನಿಗೆ

ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ – ಯಾವ ಕೈಗಾರಿಕಾ ಪ್ರದೇಶಕ್ಕೆ ಬೇಕಾದರೂ ಹೋಗಿ ನೋಡಿ. ಕಂಪ್ಯೂಟರಿನ ಅಪ್ಪಣೆ ಇಲ್ಲದೆ ಅಲ್ಲಿ ಒಂದು ಲಾರಿ ಗೇಟು ದಾಟೋದಿಲ್ಲ. ತೂಕದ ಚೀಟಿ, ಬಿಲ್ಲು, ಇ-ವೇ ಬಿಲ್ಲು, ಹಾಜರಿ, ಸಂಬಳ, ಸ್ಟೋರಿನ ಲೆಕ್ಕ, ಎಲ್ಲವೂ ಅದರೊಳಗೆ. ಅದರ ಬಾಗಿಲಿಗೆ ಇರುವ ಬೀಗದ ಹೆಸರು ಪಾಸ್‌ವರ್ಡ್.

ಈ ಬೀಗದ ಕೈ ಯಾರ ಹತ್ತಿರ ಇದೆ? ಕಾಗದದ ಮೇಲೆ ಕೇಳಿದರೆ ಒಬ್ಬೊಬ್ಬ ನೌಕರನ ಹತ್ತಿರ ಒಂದೊಂದು. ನಿಜ ಕೇಳಿದರೆ ಕೀಬೋರ್ಡಿನ ಅಡಿಯಲ್ಲಿ, ಮಾನಿಟರಿನ ಅಂಚಿಗೆ ಅಂಟಿಸಿದ ಹಳದಿ ಚೀಟಿಯಲ್ಲಿ, ಸೂಪರ್‌ವೈಸರನ ಡೈರಿಯ ಕೊನೇ ಪುಟದಲ್ಲಿ, ಇಲ್ಲವೇ ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಗೊತ್ತಿದ್ದೂ ಎಲ್ಲರೂ ಸುಮ್ಮನಿರುವ ಗುಟ್ಟು.

ಸುಮ್ಮನಿರೋದು ಯಾವತ್ತಿನವರೆಗೆ? ದುಡ್ಡು ಹೋಗುವವರೆಗೆ. ಹೋದ ದಿನ ಕಂಪ್ಯೂಟರು ಒಂದು ಹೆಸರು ಹೇಳುತ್ತೆ. ಆ ಹೆಸರು ಎಂ.ಡಿ. ಸಾಹೇಬರದ್ದಾಗಿರೋದು ಅಪರೂಪ. ಬಿಲ್ಲಿಂಗ್ ಗುಮಾಸ್ತನದ್ದೋ, ರಾತ್ರಿ ಪಾಳಿಯ ಹುಡುಗಿಯದ್ದೋ ಆಗಿರುತ್ತೆ. ಅದಕ್ಕೇ ಈ ಪಾಸ್‌ವರ್ಡಿನ ಕಾಯಿದೆಗಳ ವಿಚಾರವನ್ನು ಬರೀ ಕಂಪ್ಯೂಟರಿನವರಿಗೆ ಬಿಟ್ಟು ಕೂರೋದು ತಪ್ಪು. ಇದು ಅನ್ನದ ಪ್ರಶ್ನೆ.

ಕಾಯಿದೆ ಮಾಡೋದು ಯಾರು?

ಮೊದಲು ಈ ಯಂತ್ರ ಹೇಗೆ ನಡೆಯುತ್ತೆ ಅನ್ನೋದನ್ನು ನೋಡೋಣ. ಹತ್ತಿಪ್ಪತ್ತಕ್ಕಿಂತ ಹೆಚ್ಚು ಕಂಪ್ಯೂಟರುಗಳಿರುವ ಕಂಪನಿಗಳಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಯಂತ್ರ ಇರುತ್ತೆ, ಸರ್ವರ್ ಅಂತ. ಬಹುಪಾಲು ಕಡೆ ಅದು ಮೈಕ್ರೋಸಾಫ್ಟಿನ ವಿಂಡೋಸ್ ಸರ್ವರ್. ನೌಕರರ ಹೆಸರುಗಳೆಲ್ಲ ಅದರ ಖಾತೆ ಪುಸ್ತಕದಲ್ಲಿರುತ್ತವೆ. ಆ ಪುಸ್ತಕಕ್ಕೆ ಆಕ್ಟಿವ್ ಡೈರೆಕ್ಟರಿ ಅಂತ ಹೆಸರು. ಅದರೊಳಗೆ ಗ್ರೂಪ್ ಪಾಲಿಸಿ ಅನ್ನೋ ಒಂದು ಪುಟ ಉಂಟು. ಬೆಂಗಳೂರಿನ ಹೆಡ್ಡಾಫೀಸಿನಲ್ಲಿ ಕುಳಿತ ಒಬ್ಬ ಮನುಷ್ಯ ಆ ಪುಟದಲ್ಲಿ ಒಂದು ಅಂಕಿ ಬದಲಾಯಿಸಿದರೆ ಸಾಕು, ಇಲ್ಲಿ ವೇಬ್ರಿಡ್ಜಿನಲ್ಲಿ ಕುಳಿತ ಹುಡುಗನ ಪಾಸ್‌ವರ್ಡಿಗೆ ಆಯುಸ್ಸು ನಿಗದಿಯಾಗುತ್ತೆ.

ಹೊಸ ಸರ್ವರು ಪೆಟ್ಟಿಗೆಯಿಂದ ಬರುವಾಗಲೇ ಅದರೊಳಗೆ ಕೆಲವು ಅಂಕಿಗಳನ್ನು ತುಂಬಿಕೊಂಡೇ ಬಂದಿರುತ್ತೆ. ಪಾಸ್‌ವರ್ಡಿನ ಉದ್ದ ಕನಿಷ್ಠ 7 ಅಕ್ಷರ. ಆಯುಸ್ಸು 42 ದಿನ. ಹಿಂದಿನ 24 ಪಾಸ್‌ವರ್ಡುಗಳನ್ನು ಮತ್ತೆ ಬಳಸುವಂತಿಲ್ಲ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ, ಇವುಗಳಲ್ಲಿ ಮೂರು ಬಗೆಯಾದರೂ ಇರಲೇಬೇಕು. ಇಷ್ಟೆಲ್ಲ ಬಿಗಿ ಮಾಡಿದ ಅದೇ ಸರ್ವರು ಇನ್ನೊಂದು ಕಡೆ ಬಾಗಿಲು ತೆರೆದಿಟ್ಟಿರುತ್ತೆ. ಎಷ್ಟು ಸಲ ತಪ್ಪು ಪಾಸ್‌ವರ್ಡ್ ಹೊಡೆದರೆ ಖಾತೆಗೆ ತಡೆ ಬೀಳಬೇಕು ಅನ್ನೋ ಜಾಗದಲ್ಲಿ ಅದು ಇಟ್ಟುಕೊಂಡು ಬಂದ ಅಂಕಿ ಸೊನ್ನೆ. ಅಂದರೆ ತಡೆಯೇ ಇಲ್ಲ!

2008ರ ಸರ್ವರು ಬರುವ ತನಕ ಒಂದು ಜಾಲಕ್ಕೆ ಒಂದೇ ಕಾಯಿದೆ. ಇಡೀ ಕಂಪನಿಯ ಬೀಗದ ಕೈಗೊಂಚಲು ಹಿಡಿದ ಅಡ್ಮಿನ್‌ಗೂ, ಕ್ಯಾಂಟೀನಿನ ಕೂಪನ್ ಲೆಕ್ಕ ಬರೆಯುವವನಿಗೂ ಅಷ್ಟೇ ಉದ್ದ, ಅಷ್ಟೇ ದಿನ. ಆ ವರ್ಷದಿಂದ ಗುಂಪಿಗೊಂದು ಕಾಯಿದೆ ಮಾಡಲು ಬರುತ್ತೆ. ಆದರೆ ಮಾಡಿದವರೆಷ್ಟು ಜನ? ಸರ್ವರು ಕೂರಿಸಿ ಹೋದ ಗುತ್ತಿಗೆದಾರ ಬಿಟ್ಟುಹೋದ ಅಂಕಿಯೇ ಹಲವು ಕಡೆ ಇವತ್ತಿಗೂ ಶಾಸನ.

ಮನುಷ್ಯ ಕಂಡುಕೊಂಡ ದಾರಿ

ಈಗ ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಿ. 42 ದಿನ ಆಯಿತು, ಕಂಪ್ಯೂಟರು ಹೊಸ ಪಾಸ್‌ವರ್ಡ್ ಕೇಳಿತು. ಹೊರಗೆ ಲಾರಿ ನಿಂತಿದೆ, ಡ್ರೈವರು ಹಾರನ್ ಹೊಡೀತಿದ್ದಾನೆ. ಅವನಿಗೆ ಹೊಳೆಯೋದೇನು? ಊರಿನ ಹೆಸರು, ಮುಂದೆ ಒಂದು ಅಟ್ ಚಿಹ್ನೆ, ಮುಂದೆ 123. ಊರಿನ ಹೆಸರಿನ ಮೊದಲಕ್ಷರ ದೊಡ್ಡದು. ಕಾಯಿದೆ ಕೇಳಿದ್ದೆಲ್ಲ ಇದೆ. ಸರ್ವರು ಸಂತೋಷವಾಗಿ ಒಪ್ಪಿಕೊಳ್ಳುತ್ತೆ. ಮುಂದಿನ ಸಲ ಕೇಳಿದಾಗ 124. ಅದಾದ ಮೇಲೆ 125. ಹಿಂದಿನ 24ನ್ನು ಬಳಸಬಾರದು ಅಂದರೆ ಅವನಿಗೇನು ತೊಂದರೆ? ಅಂಕಿಗಳಿಗೆ ಬರವೇ?

ಅವನು ದಡ್ಡ ಅಲ್ಲ ಸ್ವಾಮಿ. ಕಾಯಿದೆ ಕೇಳಿದ್ದನ್ನು ಕಾಯಿದೆಗೆ ಕೊಟ್ಟ. ಆದರೆ ಕಳ್ಳನಿಗೂ ಈ ಲೆಕ್ಕ ಗೊತ್ತು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕಡ್ಡಾಯವಾಗಿ ಬದಲಾಯಿಸಿದ್ದ ಏಳು ಸಾವಿರಕ್ಕೂ ಹೆಚ್ಚು ಖಾತೆಗಳ ಹಳೇ ಪಾಸ್‌ವರ್ಡುಗಳನ್ನು ಹಿಡಿದು ಹೊಸದನ್ನು ಊಹಿಸಲು ಹೊರಟರು. ನೂರಕ್ಕೆ 17 ಖಾತೆಗಳಲ್ಲಿ ಐದು ಊಹೆಯೊಳಗೇ ಹೊಸದು ಸಿಕ್ಕಿಬಿಟ್ಟಿತು. ಪಾಸ್‌ವರ್ಡಿನ ಕಡತವೇ ಕಳ್ಳನ ಕೈಗೆ ಸಿಕ್ಕಿದ್ದರೆ ನೂರಕ್ಕೆ 41 ಮೂರು ಸೆಕೆಂಡಿನ ಕೆಲಸ. ಹಾಗಾದರೆ ತಿಂಗಳು ತಿಂಗಳು ಬೀಗ ಬದಲಾಯಿಸಿ ಬಂದ ಲಾಭವೇನು?

ಇನ್ನು ಕೆಲವು ಕಡೆ ಸಾಹೇಬರು ಗಟ್ಟಿ ಮನಸ್ಸು ಮಾಡಿ ಮೂರು ತಪ್ಪಿಗೆ ಖಾತೆ ಬಂದ್ ಅಂತ ಕಾಯಿದೆ ಮಾಡುತ್ತಾರೆ. ಸೋಮವಾರ ಬೆಳಿಗ್ಗೆ ಆಯುಸ್ಸು ಮುಗಿದ ಹತ್ತು ಖಾತೆ ಬಂದ್. ಅದನ್ನು ತೆಗೆಯುವವನು ಬೆಂಗಳೂರಿನಲ್ಲಿ. ಅವನ ಫೋನು ಎಂಗೇಜ್. ಆಗ ಏನಾಗುತ್ತೆ? ಪಕ್ಕದವನ ಹೆಸರಿನಲ್ಲಿ ಕೆಲಸ ನಡೆಯುತ್ತೆ. "ನಿನ್ ಪಾಸ್‌ವರ್ಡ್ ಸ್ವಲ್ಪ ಕೊಡೋ ಮಾರಾಯ, ಒಂದ್ ಬಿಲ್ ತೆಗೀಬೇಕು." ಅಲ್ಲಿಗೆ ಶುರು. ಮೂರು ಪಾಳಿ, ಆರು ಜನ, ಒಂದು ಹೆಸರು. ಕಂಪನಿಯೇ ಲೈಸೆನ್ಸಿನ ದುಡ್ಡು ಉಳಿಸಲು ಮೂರು ಪಾಳಿಗೆ ಒಂದೇ ಖಾತೆ ತೆರೆದಿದ್ದರಂತೂ ಕೇಳುವ ಹಾಗೇ ಇಲ್ಲ.

ಮೂರು ತಪ್ಪಿನ ಈ ಬಿಗಿಗೆ ಕಳ್ಳ ಹೆದರುತ್ತಾನೆ ಅಂದುಕೊಂಡಿರಾ? ಅವನು ಒಬ್ಬನ ಹೆಸರಿಗೆ ನೂರು ಪಾಸ್‌ವರ್ಡ್ ಹೊಡೆಯೋದಿಲ್ಲ. ಊರಿನ ಹೆಸರಿನ ಆ ಒಂದು ಪಾಸ್‌ವರ್ಡನ್ನು ನೂರು ಜನರ ಹೆಸರಿಗೆ ಒಂದೊಂದು ಸಲ ಹೊಡೆದು ನೋಡುತ್ತಾನೆ. ಯಾರ ಖಾತೆಯೂ ಬಂದ್ ಆಗೋದಿಲ್ಲ, ಯಾರಿಗೂ ಸುಳಿವು ಸಿಗೋದಿಲ್ಲ. ಬಿಗಿ ಕಾಯಿದೆಗೆ ಸಿಕ್ಕಿಬೀಳುವವನು ಬೆರಳು ಜಾರಿದ ಗುಮಾಸ್ತ ಮಾತ್ರ.

ಕಾಯಿದೆ ಬರೆದವನೇ ಕೈ ತೊಳೆದುಕೊಂಡ

ಈ ಕಾಯಿದೆ ಎಲ್ಲಿಂದ ಬಂತು ಅನ್ನೋದೂ ತಿಳಿದಿರಲಿ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ಎನ್.ಐ.ಎಸ್.ಟಿ. ಇದೆಯಲ್ಲ, ಅಲ್ಲಿ ಬಿಲ್ ಬರ್ ಅನ್ನೋ ಅಧಿಕಾರಿ ಇದ್ದರು. 2003ರಲ್ಲಿ ಅವರು ಸಿದ್ಧಪಡಿಸಿದ ಕೈಪಿಡಿಯಲ್ಲಿ ಚಿಹ್ನೆ, ಅಂಕಿ ಬೆರೆಸಿ, ಆಗಾಗ ಬದಲಾಯಿಸಿ ಅನ್ನೋ ಬುದ್ಧಿವಾದ ಇತ್ತು. ಪ್ರಪಂಚದ ಆಡಿಟರುಗಳೆಲ್ಲ ಅದನ್ನೇ ಹಿಡಿದುಕೊಂಡರು. 2017ರಲ್ಲಿ, ನಿವೃತ್ತರಾದ ಮೇಲೆ, ಅದೇ ಬರ್ ಸಾಹೇಬರು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಮಾತಾಡಿ, ತಾವು ಅಂದು ಮಾಡಿದ್ದರ ಬಹುಭಾಗಕ್ಕೆ ಈಗ ಪಶ್ಚಾತ್ತಾಪ ಪಡುವುದಾಗಿ ಒಪ್ಪಿಕೊಂಡರು.

ಅದೇ ವರ್ಷ ಆ ಸಂಸ್ಥೆ ಕೈಪಿಡಿಯನ್ನೇ ತಿದ್ದಿತು. ದಿನ ಎಣಿಸಿ ಪಾಸ್‌ವರ್ಡ್ ಬದಲಾಯಿಸಬೇಡಿ, ಸೋರಿದ ಸುಳಿವು ಸಿಕ್ಕಾಗ ಬದಲಾಯಿಸಿ ಎಂದಿತು. ಅದು ಬೇಕು ಇದು ಬೇಕು ಅಂತ ಚಿಹ್ನೆಗಳ ಪೂಜೆ ಬೇಡ, ಈಗಾಗಲೇ ಕಳುವಾಗಿ ಬಯಲಾದ ಪಾಸ್‌ವರ್ಡುಗಳ ಪಟ್ಟಿ ಇಟ್ಟುಕೊಂಡು ಅಂಥವನ್ನು ತಡೆಯಿರಿ ಎಂದಿತು. 2019ರಲ್ಲಿ ಮೈಕ್ರೋಸಾಫ್ಟಿನವರೂ ತಮ್ಮ ಶಿಫಾರಸು ಪಟ್ಟಿಯಿಂದ ಆಯುಸ್ಸಿನ ನಿಯಮವನ್ನು ತೆಗೆದುಹಾಕಿದರು. 2025ರಲ್ಲಿ ಎನ್.ಐ.ಎಸ್.ಟಿ.ಯ ನಾಲ್ಕನೇ ಪರಿಷ್ಕರಣೆ ಬಂತು. ಪಾಸ್‌ವರ್ಡ್ ಒಂದೇ ಬೀಗವಾಗಿದ್ದರೆ ಉದ್ದ ಕನಿಷ್ಠ 15 ಅಕ್ಷರ ಇರಲೇಬೇಕು ಅಂತ ಅದರಲ್ಲಿ ಬರೆದಿದೆ. ಮೊದಲು ಬುದ್ಧಿವಾದವಾಗಿದ್ದ "ಚಿಹ್ನೆ ಕಡ್ಡಾಯ ಬೇಡ, ದಿನ ಎಣಿಸೋದು ಬೇಡ" ಅನ್ನೋದು ಈಗ ಕಟ್ಟಪ್ಪಣೆ.

ಉದ್ದಕ್ಕೆ ಯಾಕೆ ಇಷ್ಟು ಬೆಲೆ? ಲೆಕ್ಕ ಸರಳ. ಕೀಬೋರ್ಡಿನಲ್ಲಿ ಹೊಡೆಯಬಹುದಾದ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ 94. ಅಷ್ಟನ್ನೂ ಬೆರೆಸಿ ಎಂಟಕ್ಷರದ ಪಾಸ್‌ವರ್ಡ್ ಮಾಡಿ. ಇನ್ನೊಂದು ಕಡೆ ಚಿಹ್ನೆಯ ಗೊಡವೆಯೇ ಇಲ್ಲದೆ ಇಂಗ್ಲಿಷಿನ 26 ಸಣ್ಣಕ್ಷರಗಳಲ್ಲೇ 15 ಅಕ್ಷರದ್ದು ಮಾಡಿ. ಎರಡನ್ನೂ ಗೊತ್ತುಗುರಿಯಿಲ್ಲದೆ ಆರಿಸಿದ್ದರೆ, ಎರಡನೆಯದರ ಸಾಧ್ಯತೆಗಳು ಮೊದಲನೆಯದಕ್ಕಿಂತ ಎರಡೂಮುಕ್ಕಾಲು ಲಕ್ಷ ಪಟ್ಟು ಹೆಚ್ಚು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಮಾತು – ಹಲಸು, ರೈಲು, ಕೊಡೆ, ಜಾತ್ರೆ ಅನ್ನೋ ಥರ – ಜೋಡಿಸಿಟ್ಟರೆ ನೆನಪೂ ಇರುತ್ತೆ, ಊಹೆಗೂ ಸುಲಭಕ್ಕೆ ಸಿಗೋದಿಲ್ಲ. ದಯಮಾಡಿ ಇದನ್ನೇ ಇಡಬೇಡಿ. ಪತ್ರಿಕೆಯಲ್ಲಿ ಅಚ್ಚಾದದ್ದು ಪಾಸ್‌ವರ್ಡ್ ಆಗೋಕೆ ಲಾಯಕ್ಕಲ್ಲ.

ಇಷ್ಟಾದರೂ ನಮ್ಮ ಕಡೆ ಹೆಡ್ಡಾಫೀಸುಗಳಲ್ಲಿ 42 ದಿನ, 60 ದಿನ, 90 ದಿನದ ಜಪ ನಿಂತಿಲ್ಲ. ಯಾಕೆ? ಆಡಿಟಿನ ನಮೂನೆಯಲ್ಲಿ ಆ ಕಲಂ ಇನ್ನೂ ಇದೆ. ಗುರುತು ಹಾಕಬೇಕಲ್ಲ!

158 ವರ್ಷದ ಕಂಪನಿ ಹೋಯಿತು

ಆಡಿಟಿನಲ್ಲಿ ಪಾಸಾದರೆ ಸಾಕು ಅನ್ನುವವರು ಇಂಗ್ಲೆಂಡಿನ ಕಡೆ ಒಮ್ಮೆ ನೋಡಬೇಕು. ನಾರ್ತಾಂಪ್ಟನ್‌ಶೈರಿನಲ್ಲಿ ಕೆ.ಎನ್.ಪಿ. ಅಂತ ಒಂದು ಲಾರಿ ಕಂಪನಿ ಇತ್ತು. 158 ವರ್ಷದ್ದು. ಕುದುರೆ ಗಾಡಿಯ ಕಾಲದಿಂದ ಬಂದದ್ದು. ಸುಮಾರು 500 ಲಾರಿ. 2023ರಲ್ಲಿ ಅಕಿರಾ ಅನ್ನೋ ಗುಂಪು ಅದರ ಜಾಲದೊಳಗೆ ನುಗ್ಗಿ ಕಡತಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳಿತು. ಕೊಡುವ ಶಕ್ತಿ ಇರಲಿಲ್ಲ. ಲೆಕ್ಕಪತ್ರ ಹೋಯಿತು, ಕಂಪನಿ ಮುಚ್ಚಿತು, ಸುಮಾರು 700 ಜನರ ಕೆಲಸ ಹೋಯಿತು. ನುಗ್ಗಿದ ದಾರಿ ಯಾವುದು? ಒಬ್ಬ ನೌಕರನ ಪಾಸ್‌ವರ್ಡನ್ನು ಊಹಿಸಿ ಒಳಗೆ ಬಂದಿರಬೇಕು ಎಂಬುದು ಅಲ್ಲಿಯವರ ತೀರ್ಮಾನ. ಮುಖ್ಯವಾಗಿ ನೆನಪಿಡಬೇಕಾದ ಮಾತು ಇದು: ತಮ್ಮ ವ್ಯವಸ್ಥೆ ಉದ್ಯಮದ ಮಾನಕಕ್ಕೆ ತಕ್ಕಂತೆಯೇ ಇತ್ತು, ವಿಮೆಯೂ ಇತ್ತು ಅಂತ ಕಂಪನಿಯವರೇ ಹೇಳಿದ್ದಾರೆ.

ಆ ಕಂಪನಿಯ ನಿರ್ದೇಶಕರು ಬಿ.ಬಿ.ಸಿ.ಗೆ ಇನ್ನೊಂದು ಮಾತು ಹೇಳಿದರು. ಯಾರ ಪಾಸ್‌ವರ್ಡಿನಿಂದ ಇಷ್ಟೆಲ್ಲ ಆಯಿತೆಂಬುದನ್ನು ಆ ನೌಕರನಿಗೆ ತಾವು ಹೇಳಿಲ್ಲ ಅಂತ. ಗೊತ್ತಾದರೆ ಆ ಜೀವ ಹೇಗೆ ತಡೆದುಕೊಳ್ಳಬೇಕು? ದೊಡ್ಡ ಮನಸ್ಸು. ನಮ್ಮಲ್ಲಿ ಎಷ್ಟು ಯಜಮಾನರು ಹೀಗೆ ಬಾಯಿ ಮುಚ್ಚಿಕೊಂಡಿರುತ್ತಾರೆ?

ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಕತೆ ಇನ್ನೊಂದು ಬಗೆ. ಸುಮಾರು 8,850 ಕಿಲೋಮೀಟರ್ ಉದ್ದದ ಪೆಟ್ರೋಲ್ ಕೊಳವೆ. 2021ರ ಮೇ 7ರಂದು ಕಂಪನಿಯೇ ಅದನ್ನು ನಿಲ್ಲಿಸಬೇಕಾಯಿತು. ಬಂಕುಗಳ ಮುಂದೆ ಸಾಲು. ಕಂಪನಿ ಕಳ್ಳರಿಗೆ 75 ಬಿಟ್‌ಕಾಯಿನ್, ಅಂದಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಒಂದು ಪಾಲನ್ನು ಸರ್ಕಾರ ಆಮೇಲೆ ಹಿಡಿದು ತಂದಿತು. ಕಳ್ಳರು ಒಳಗೆ ಬಂದದ್ದು ಹೊರಗಿನಿಂದ ಜಾಲಕ್ಕೆ ಸೇರುವ ಒಂದು ಹಳೇ ಖಾತೆಯಿಂದ. ಅದನ್ನು ಯಾರೂ ಬಳಸುತ್ತಿರಲಿಲ್ಲ, ಆದರೆ ಯಾರೂ ಮುಚ್ಚಿಯೂ ಇರಲಿಲ್ಲ. ಅದಕ್ಕೆ ಎರಡನೇ ಬೀಗ ಇರಲಿಲ್ಲ. ಪಾಸ್‌ವರ್ಡ್ ಮಾತ್ರ ಸುಲಭದ್ದೇನೂ ಅಲ್ಲ, ಕ್ಲಿಷ್ಟವಾದದ್ದೇ ಅಂತ ಕಂಪನಿಯ ಮುಖ್ಯಸ್ಥರು ಅಲ್ಲಿನ ಸೆನೆಟಿನ ಮುಂದೆ ಸಾಕ್ಷಿ ನುಡಿದರು. ಕ್ಲಿಷ್ಟ ಪಾಸ್‌ವರ್ಡ್ ಏನು ಕಾಪಾಡಿತು? ಬಿಟ್ಟುಹೋದವರ ಖಾತೆ ಮುಚ್ಚದ ಮನೆಗೆ ಎಂಥ ಬೀಗ ಹಾಕಿದರೂ ಅಷ್ಟೇ.

ನಮ್ಮ ದೇಶದ ಕತೆ ಮರೆತಿಲ್ಲ ತಾನೇ? 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಬ್ರಾಡಿ ಹೌಸ್ ಶಾಖೆಯಲ್ಲಿ ಮೊದಲ ಲೆಕ್ಕಕ್ಕೇ ಸುಮಾರು 11,400 ಕೋಟಿ ರೂಪಾಯಿಯ ಹಗರಣ ಬಯಲಾಯಿತು. ಸ್ವಿಫ್ಟ್ ಅನ್ನೋ ಜಾಲದ ಮೂಲಕ ಹೋದ ಸಂದೇಶಗಳು ಬ್ಯಾಂಕಿನ ಮುಖ್ಯ ಲೆಕ್ಕದಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಆ ಜಾಲದ ಪಾಸ್‌ವರ್ಡು ಸಲ್ಲದವರ ಕೈಯಲ್ಲಿತ್ತು ಅನ್ನೋ ಆರೋಪವೂ ತನಿಖೆಯ ವೇಳೆ ಬಂತು. 2016ರ ಆಗಸ್ಟಿನಿಂದ ಕನಿಷ್ಠ ಮೂರು ಸಲ ಸ್ವಿಫ್ಟ್ ದುರ್ಬಳಕೆಯ ಬಗ್ಗೆ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿದ್ದೆವು ಅಂತ ರಿಸರ್ವ್ ಬ್ಯಾಂಕು ಆಮೇಲೆ ಹೇಳಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕಲೆಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈಗ ಮುಖ್ಯ ಮಾತಿಗೆ ಬರೋಣ. ಹೀಗೆಲ್ಲ ಆದಾಗ ಸಿಕ್ಕಿಬೀಳುವವರು ಯಾರು?

ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಂ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವನಿಗೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಕಾನೂನು ಹಿಡಿಯೋದು ಬಳಸಿದವನನ್ನು, ಕಳಕೊಂಡವನನ್ನಲ್ಲ. ಓದೋಕೆ ಚೆನ್ನಾಗಿದೆ. ಆದರೆ ಬಳಸಿದವನು ಯಾರು ಅಂತ ಹೇಳುವ ಮೊದಲ ಸಾಕ್ಷಿ ಕಂಪ್ಯೂಟರಿನ ದಾಖಲೆ. ಅದರಲ್ಲಿ ಇರೋದು ಖಾತೆಯ ಹೆಸರು, ಬೆರಳಿಟ್ಟವನ ಮುಖ ಅಲ್ಲ. "ನಾನಲ್ಲ ಸಾರ್, ನನ್ ಪಾಸ್‌ವರ್ಡ್ ಎಲ್ರಿಗೂ ಗೊತ್ತಿತ್ತು" ಅಂದರೆ ಇಲಾಖಾ ವಿಚಾರಣೆಯಲ್ಲಿ ಅದೇ ಎರಡನೇ ಆರೋಪ ಆಗುತ್ತೆ. ಪಾಸ್‌ವರ್ಡ್ ಯಾರಿಗೂ ಹೇಳೋದಿಲ್ಲ ಅಂತ ಕೆಲಸಕ್ಕೆ ಸೇರುವಾಗ ಇಂಗ್ಲಿಷ್ ಕಾಗದದ ಮೇಲೆ ಸಹಿ ಹಾಕಿದ್ದಾನಲ್ಲ! ಮೂರು ಪಾಳಿಗೆ ಒಂದೇ ಖಾತೆ ಕೊಟ್ಟವರು ಯಾವ ಕಾಗದಕ್ಕೂ ಸಹಿ ಹಾಕಿರೋದಿಲ್ಲ.

2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಓದಿರುತ್ತೀರಿ. ಕಾಯಿನ್‌ಡಿಸಿಎಕ್ಸ್ ಅನ್ನೋ ಕ್ರಿಪ್ಟೋ ವಹಿವಾಟಿನ ಕಂಪನಿಯಿಂದ ಸುಮಾರು 379 ಕೋಟಿ ರೂಪಾಯಿ ಬೆಲೆಯ ಆಸ್ತಿ ರಾತ್ರೋರಾತ್ರಿ ಹೋಯಿತು. ಒಬ್ಬ ನೌಕರನ ಆಫೀಸಿನ ಲ್ಯಾಪ್‌ಟಾಪ್ ಮತ್ತು ಅವನ ಲಾಗಿನ್ ಬಳಸಿ ಕಳ್ಳರು ಒಳಹೊಕ್ಕರು ಅಂತ ದೂರು. ಪೊಲೀಸರು ಆ ನೌಕರನನ್ನು ಹಿಡಿದರು. ಕಳುವಿನಲ್ಲಿ ತನ್ನ ಪಾತ್ರವಿಲ್ಲ ಅಂತ ಅವನು ಹೇಳಿದ. ಹಣ ಗಾಳಿಯಲ್ಲಿ, ಮನುಷ್ಯ ಠಾಣೆಯಲ್ಲಿ. ಅವನು ಸೇರಿಕೊಂಡವನೋ, ಮೋಸಹೋದವನೋ, ಅದನ್ನು ಹೇಳಬೇಕಾದ್ದು ಕೋರ್ಟು, ನಾವಲ್ಲ. ಆದರೆ ಒಬ್ಬ ನೌಕರನ ಲಾಗಿನ್ನಿನಿಂದ ಅಷ್ಟು ದೊಡ್ಡ ಖಜಾನೆಯವರೆಗೆ ದಾರಿ ಸಿಗುವಂತಿದ್ದರೆ ಪ್ರಶ್ನೆ ಬರೀ ನೌಕರನದ್ದಲ್ಲ, ಖಜಾನೆ ಕಟ್ಟಿದವರದ್ದೂ ಹೌದು.

ಕರ್ನಾಟಕಕ್ಕೆ ಇದು ಹೊಸದಲ್ಲ

ತಮಾಷೆ ಏನು ಗೊತ್ತೆ? ಈ ರೋಗವನ್ನು ನಮ್ಮ ರಾಜ್ಯ ಇಪ್ಪತ್ತೈದು ವರ್ಷದ ಹಿಂದೆಯೇ ಗುರುತಿಸಿತ್ತು. ರೈತರ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ನೆನಪಿದೆಯಲ್ಲ? ಸುಮಾರು ಎರಡು ಕೋಟಿ ಪಹಣಿ, 177 ತಾಲ್ಲೂಕು. ಖಾತೆ ಬದಲಾವಣೆಯ ಅಧಿಕಾರ ಇರುವ ಕೈಗಳಿಗೆ ಬರೀ ಪಾಸ್‌ವರ್ಡ್ ಕೊಟ್ಟರೆ ನಾಳೆ "ನಾನು ಮಾಡಿಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದರು" ಅಂತ ನುಣುಚಿಕೊಳ್ಳಬಹುದು ಅನ್ನೋದು ಆ ಯೋಜನೆ ನಡೆಸಿದವರಿಗೆ ಗೊತ್ತಿತ್ತು. ಅದಕ್ಕೇ ಬೆರಳಚ್ಚು ಇಟ್ಟು ಒಳಗೆ ಹೋಗುವ ಏರ್ಪಾಡು ಮಾಡಿದರು. ಯಾರು ಮಾಡಿದರು ಅನ್ನೋದು ಬೆರಳಿಗೇ ಅಂಟಿಕೊಂಡಿತು.

ಬೆರಳಚ್ಚಿನಿಂದ ಭ್ರಷ್ಟಾಚಾರ ಮಾಯವಾಯಿತು ಅಂತ ಯಾರೂ ಹೇಳುವ ಹಾಗಿಲ್ಲ. ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದವರಿಗೆಲ್ಲ ಅದು ಗೊತ್ತು. ಆದರೆ ಅದರಲ್ಲಿದ್ದ ವಿವೇಕ ನೋಡಿ. ತಪ್ಪು ಮಾಡಿದವನು ತಪ್ಪಿಸಿಕೊಳ್ಳಬಾರದು. ಅದಕ್ಕಿಂತ ಹೆಚ್ಚಾಗಿ, ತಪ್ಪು ಮಾಡದವನು ಸಿಕ್ಕಿಬೀಳಬಾರದು. ಪಾಸ್‌ವರ್ಡಿನ ಕಾಯಿದೆ ಒಳ್ಳೇದೋ ಕೆಟ್ಟದ್ದೋ ಅಂತ ತೂಗಲು ಇದಕ್ಕಿಂತ ಸರಿಯಾದ ತಕ್ಕಡಿ ಇಲ್ಲ.

ಯಜಮಾನರ ಕಷ್ಟವೂ ಇದೆ

ಸಣ್ಣ ಕಾರ್ಖಾನೆಯ ಮಾಲೀಕರನ್ನು ಕೇಳಿದರೆ ಅವರದ್ದೂ ಒಂದು ಗೋಳು. ಮಾಲು ಕೊಳ್ಳುವ ದೊಡ್ಡ ಕಂಪನಿ ಪ್ರಶ್ನಾವಳಿ ಕಳಿಸುತ್ತೆ: 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಗುತ್ತದೆಯೇ? ಇಲ್ಲ ಅಂದರೆ ಆರ್ಡರಿಗೆ ಸಂಚಕಾರ. ಹೌದು ಅಂದರೆ ಗುಮಾಸ್ತರ ಗೊಣಗು. ಸೈಬರ್ ಘಟನೆ ಆದರೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು ಅಂತ ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಆಜ್ಞೆ ಹೊರಡಿಸಿದೆ. 2023ರ ದತ್ತಾಂಶ ರಕ್ಷಣೆ ಕಾಯಿದೆಯಲ್ಲಿ, ಜನರ ವೈಯಕ್ತಿಕ ಮಾಹಿತಿಗೆ ತಕ್ಕ ಭದ್ರತೆ ಮಾಡದವರಿಗೆ 250 ಕೋಟಿಯವರೆಗೆ ದಂಡ ಹಾಕುವ ಅವಕಾಶ ಇದೆ. ಕೈಯಲ್ಲಿ ಇರೋದು ಒಬ್ಬ ಕಂಪ್ಯೂಟರ್ ಹುಡುಗ. ಪ್ರಿಂಟರ್ ರಿಪೇರಿಯಿಂದ ಸಿ.ಸಿ. ಟಿವಿವರೆಗೆ ಎಲ್ಲ ಅವನದ್ದೇ.

ಒಪ್ಪೋಣ. ಆದರೆ 90 ದಿನದ ನಿಯಮಕ್ಕೆ ಜೋತುಬಿದ್ದವರಿಗೆ ಒಂದು ಮಾತು. ಕಾರ್ಡು ವಹಿವಾಟಿನವರ ಪಿ.ಸಿ.ಐ. ನಿಯಮಾವಳಿ ಇದೆಯಲ್ಲ, ಭಾರೀ ಬಿಗಿ ಅಂತ ಹೆಸರಾದದ್ದು, ಅದರ 2022ರ ಆವೃತ್ತಿ ಕೂಡ 90 ದಿನದ ಮಾತಾಡೋದು ಪಾಸ್‌ವರ್ಡ್ ಒಂದೇ ಬೀಗವಾಗಿರುವ ಕಡೆ. ಅಲ್ಲೂ ಬೇರೆ ದಾರಿ ಬಿಟ್ಟಿದೆ. ಎರಡನೇ ಬೀಗ ಹಾಕಿ, ಅದನ್ನು ಪ್ರಶ್ನಾವಳಿಯಲ್ಲಿ ಬರೆದು ಕಳಿಸಿ. ದೊಡ್ಡ ಕಂಪನಿಯವರಿಗೂ ಓದಲು ಬರುತ್ತೆ.

ಮಾಡಬೇಕಾದ್ದು ಏನು?

ಕೋಟಿ ಖರ್ಚಿನ ಕೆಲಸವೇನೂ ಅಲ್ಲ. ಮೊದಲನೆಯದು, ಒಬ್ಬರಿಗೆ ಒಂದು ಖಾತೆ. ಪಾಳಿ ಮೂರಾದರೆ ಹೆಸರೂ ಮೂರು. ಸಮಯವಿಲ್ಲದ ಗೇಟಿನ ಕೆಲಸದವರಿಗೆ ಹಾಜರಿ ಕಾರ್ಡಿನ ಹಾಗೆ ತೋರಿಸಿ ಒಳಗೆ ಹೋಗುವ ಕಾರ್ಡು ಕೊಡಬಹುದು. ಲೈಸೆನ್ಸಿನ ದುಡ್ಡು ಉಳಿಸಲು ಹೋಗಿ ನೌಕರರ ಮಾನ ಅಡವಿಡಬೇಡಿ.

ಎರಡನೆಯದು, ಉದ್ದ ಹೆಚ್ಚಿಸಿ, ಆಯುಸ್ಸಿನ ಲೆಕ್ಕ ಬಿಡಿ. ಸೋರಿದ ಅನುಮಾನ ಬಂದ ದಿನ ಬದಲಾಯಿಸಿ. ಊರಿನ ಹೆಸರು, ಕಂಪನಿಯ ಹೆಸರು, 123 ಇರುವ ಪಾಸ್‌ವರ್ಡುಗಳನ್ನು ಸರ್ವರೇ ತಿರಸ್ಕರಿಸುವ ಹಾಗೆ ನಿಷೇಧದ ಪಟ್ಟಿ ಹಾಕಿಸಿ. ತಪ್ಪಿನ ಮಿತಿ ಮೂರಕ್ಕೆ ಇಳಿಸಬೇಡಿ, ಸೊನ್ನೆಗೂ ಬಿಡಬೇಡಿ. ಹತ್ತು ತಪ್ಪಾದರೆ ಕಾಲು ಗಂಟೆ ತಡೆ, ಆಮೇಲೆ ತಾನೇ ಬಿಟ್ಟುಕೊಳ್ಳಲಿ. ಬೆಂಗಳೂರಿಗೆ ಫೋನು ಮಾಡುವ ಕೆಲಸ ತಪ್ಪುತ್ತೆ. ಒಂದು ಪಾಸ್‌ವರ್ಡನ್ನು ನೂರು ಹೆಸರಿಗೆ ಹೊಡೆಯುವವನನ್ನು ಹಿಡಿಯಬೇಕಾದರೆ ಮಾತ್ರ ದಾಖಲೆಯನ್ನು ದಿನಾ ಒಬ್ಬರು ನೋಡಲೇಬೇಕು.

ಮೂರನೆಯದು, ಎರಡನೇ ಬೀಗ. ಹೊರಗಿನಿಂದ ಜಾಲಕ್ಕೆ ಬರುವ ಪ್ರತಿಯೊಬ್ಬರಿಗೂ, ದುಡ್ಡು ಮುಟ್ಟುವ ಪ್ರತಿಯೊಬ್ಬರಿಗೂ, ಅಡ್ಮಿನ್‌ಗಳಿಗೂ ಪಾಸ್‌ವರ್ಡಿನ ಜೊತೆ ಮೊಬೈಲಿನ ಆ್ಯಪೋ, ಚಿಕ್ಕ ಯು.ಎಸ್.ಬಿ. ಕೀಲಿಯೋ ಇರಲಿ. ಮೊದಲು ಅಡ್ಮಿನ್‌ಗಳಿಗೆ, ಮೊದಲು ಸಾಹೇಬರಿಗೆ. "ನಂಗೆ ಅದೆಲ್ಲ ಬೇಡಪ್ಪಾ" ಅನ್ನುವ ಎಂ.ಡಿ.ಯ ಖಾತೆಯೇ ಕಳ್ಳನಿಗೆ ಎಲ್ಲಕ್ಕಿಂತ ರುಚಿ. ಎಲ್ಲ ಯಂತ್ರಗಳಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಟ್ಟಿದ್ದರೆ ಒಂದು ಯಂತ್ರ ಹೋದರೆ ಎಲ್ಲ ಹೋದ ಹಾಗೆ. ಯಂತ್ರಕ್ಕೊಂದು ಬೇರೆ ಪಾಸ್‌ವರ್ಡ್ ತಾನೇ ಇಟ್ಟು ತಾನೇ ಬದಲಾಯಿಸುವ ಲ್ಯಾಪ್ಸ್ ಅನ್ನೋ ಸೌಕರ್ಯವನ್ನು 2023ರಿಂದ ಮೈಕ್ರೋಸಾಫ್ಟ್ ವಿಂಡೋಸಿನಲ್ಲೇ ಸೇರಿಸಿ ಕೊಟ್ಟಿದೆ. ಅಡ್ಮಿನ್‌ಗಳಿಗೆ ಬೇರೆ, ಇನ್ನೂ ಬಿಗಿಯಾದ ಕಾಯಿದೆ ಮಾಡುವ ಅನುಕೂಲ 2008ರಿಂದಲೂ ಇದೆ. ಬಳಸೋಕೆ ಮನಸ್ಸು ಬೇಕು ಅಷ್ಟೇ.

ನಾಲ್ಕನೆಯದು, ಕೆಲಸ ಬಿಟ್ಟವನ ಖಾತೆ ಅವನ ಕೊನೇ ಸಂಬಳದ ದಿನಕ್ಕಲ್ಲ, ಅವನ ಕೊನೇ ಸಂಜೆಗೆ ಮುಚ್ಚಬೇಕು. ಕೊಲೋನಿಯಲ್ ಕಂಪನಿ ಕಲಿತ ಪಾಠ ನಮಗೆ ಬಿಟ್ಟಿ ಸಿಕ್ಕಿದೆ.

ಐದನೆಯದು, ನಿಯಮವನ್ನು ಕನ್ನಡದಲ್ಲಿ ಒಂದು ಪುಟ ಬರೆಸಿ ಗೋಡೆಗೆ ಅಂಟಿಸಿ. ಅದರಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿರಲಿ: ಮೇಲಧಿಕಾರಿ ಕೇಳಿದರೂ ಪಾಸ್‌ವರ್ಡ್ ಹೇಳಬೇಕಾಗಿಲ್ಲ, ಹೇಳದ್ದಕ್ಕೆ ಶಿಕ್ಷೆಯಿಲ್ಲ.

ಈ ಕೊನೇ ಸಾಲಿಗೆ ಎಷ್ಟು ಮ್ಯಾನೇಜರುಗಳು ಸಹಿ ಹಾಕುತ್ತಾರೆ ಅನ್ನೋದೇ ಪರೀಕ್ಷೆ. ಕಾರ್ಮಿಕ ಸಂಘಗಳು ಬೋನಸ್ಸು, ಓಟಿ ಜೊತೆಗೆ ಇದನ್ನೂ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ಸಂಘವಿಲ್ಲದ ಕಡೆ ನೌಕರರು ಒಂದು ಕೆಲಸ ಮಾಡಬಹುದು. ಯಾರಾದರೂ ನಿಮ್ಮ ಖಾತೆಯಲ್ಲಿ ಕೆಲಸ ಮಾಡಬೇಕು ಅಂತ ಒತ್ತಾಯ ಮಾಡಿದರೆ, "ಆಗಲಿ ಸಾರ್, ಒಂದು ಸಾಲು ಮೇಲ್ ಮಾಡಿ" ಅನ್ನಿ. ಹತ್ತರಲ್ಲಿ ಎಂಟು ಸಲ ಆ ಕೆಲಸ ಅಷ್ಟು ಅರ್ಜೆಂಟ್ ಇರಲಿಲ್ಲ ಅನ್ನೋದು ಅಲ್ಲೇ ತಿಳಿಯುತ್ತೆ. ಉಳಿದ ಎರಡು ಸಲ ನಾಳೆಗೆ ನಿಮ್ಮ ಹತ್ತಿರ ಒಂದು ಕಾಗದ ಇರುತ್ತೆ.